ನಾಲ್ಕು ತೂತಿನ ಸ್ಟೆಪ್ನಿ

ಚಾದರದಕ್ಕನಿಗೆ ಆ ಹೆಸರು ಇಟ್ಟವರು ಯಾರೋ ಅವಳಿಗೇ ಗೊತ್ತಿಲ್ಲ. ಎರಡು ಲಾಡ್ಜು ಮತ್ತು ಒಂದು ನರ್ಸಿಂಗ್ ಹೋಮಿನ ಚಾದರ, ದಿಂಬಿನ ಚೀಲ, ಟವೆಲ್ಲುಗಳನ್ನು ಮನೆಗೆ ತಂದು, ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಹಿಂದಕ್ಕೆ ಮುಟ್ಟಿಸುವುದು ಅವಳ ಕೆಲಸ. ಬೀದಿಯವರು ಬೆಳಿಗ್ಗೆ ಆಕಾಶ ನೋಡುವ ಬದಲು ಅವಳ ತಾರಸಿ ನೋಡುತ್ತಿದ್ದರು. ತಂತಿಯ ಮೇಲೆ ಚಾದರ ಬಿದ್ದಿದ್ದರೆ ಇವತ್ತು ಮಳೆಯಿಲ್ಲ ಎಂದು ಕೊಡೆ ಬಿಟ್ಟು ಹೊರಡುತ್ತಿದ್ದರು. ಅವಳ ಗಂಡನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಮನೆಗೆ ಅಂಟಿಕೊಂಡೇ ಅವನ ಕಾರು ರಿಪೇರಿಯ ಶೆಡ್ಡು. ಹೊಸ ಗಿರಾಕಿ ಯಾರಾದರೂ ಮಾತಿಗೆ ಮಾತು ಎಂಬಂತೆ, "ಮನೆಯವರು ಏನ್ ಮಾಡ್ಕೊಂಡಿದಾರೆ?" ಎಂದು ಕೇಳಿದರೆ ಮೇಸ್ತ್ರಿ ಕಾರಿನಡಿಯಿಂದಲೇ, "ಏನಿಲ್ಲ, ಮನೇಲೇ ಇರ್ತಾಳೆ" ಎನ್ನುತ್ತಿದ್ದ. ಅಷ್ಟೊತ್ತಿಗೆ ಅವನ ನೆತ್ತಿಯ ಮೇಲಿನ ತಾರಸಿಯಲ್ಲಿ ಸಾಲು ಸಾಲು ಚಾದರ ಪಟಪಟ ಬಡಿದುಕೊಳ್ಳುತ್ತಿರುತ್ತಿದ್ದವು.

ಅವಳ ಕಾರು ಚಿಕ್ಕದು, ಬಿಳಿಯದು, ಗುಜರಿಗೆ ಹಾಕಲೆಂದು ಶೆಡ್ಡಿಗೆ ಬಂದದ್ದು. ಮಗಳು ಹೈಸ್ಕೂಲಿಗೆ ಸೇರಿದ ವರ್ಷ, "ಇದನ್ನ ಬಿಚ್ಚಿ ಹಾಕ್ಬೇಡಿ, ನಂಗೆ ಬೇಕು" ಎಂದು ಹಟ ಹಿಡಿದು ಉಳಿಸಿಕೊಂಡಿದ್ದಳು. ಹಿಂದಿನ ಸೀಟು ತೆಗೆಸಿ ಗಂಟು ಇಡಲು ಜಾಗ ಮಾಡಿಕೊಂಡಳು. ಅಲ್ಲಿಯವರೆಗೂ ಆ ಗಂಟುಗಳು ಅವಳ ತಲೆಯ ಮೇಲೆ, ಸೊಂಟದ ಮೇಲೆ ಊರು ಸುತ್ತಿದ್ದವು. ಕಾರು ಓಡಿಸಲು ಕಲಿತ ಮೇಲೆ ಅವಳ ಬೆನ್ನು ಅವಳಿಗೆ ವಾಪಸ್ಸು ಸಿಕ್ಕಿತು.

ಅವಳ ಅಮ್ಮ ಕಡೆಯ ವರ್ಷಗಳನ್ನು ಇದೇ ಮನೆಯಲ್ಲಿ ಕಳೆದದ್ದು. ಮೊದಲು ಗ್ಯಾಸ್ ಆರಿಸುವುದು ಮರೆತರು, ಆಮೇಲೆ ಬಾಗಿಲು ಹಾಕುವುದು, ಆಮೇಲೆ ಮಗಳ ಮುಖ. "ಈ ಚಾದರ ಒಗಿಯೋ ಹೆಂಗ್ಸು ಒಳ್ಳೇವಳಮ್ಮ, ಇವಳನ್ನ ಬಿಡಿಸ್ಬೇಡ" ಎಂದು ಮಗಳ ಬಗ್ಗೆ ಮಗಳಿಗೇ ಶಿಫಾರಸು ಮಾಡುತ್ತಿದ್ದರು. ಅವರನ್ನು ಎತ್ತಿ, ಇಳಿಸಿ, ತೊಳೆದು, ಉಣಿಸಿದ್ದನ್ನು ಮನೆಯಲ್ಲಿ ಯಾರೂ ಕೆಲಸದ ಲೆಕ್ಕಕ್ಕೆ ಹಿಡಿಯಲಿಲ್ಲ. ಚಾದರದಕ್ಕನೂ ಹಿಡಿಯಲಿಲ್ಲ. ಅಮ್ಮ ಹೋದ ಮೇಲೆ ಅವಳಿಗೆ ಉಳಿದದ್ದು ಒಂದು ಹೆದರಿಕೆ, ಒಂದು ರೂಢಿ. ಹೆದರಿಕೆ ಏನೆಂದು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ರೂಢಿ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತಿತ್ತು: ಏನನ್ನೇ ಆರಿಸಿದರೂ, ಮುಚ್ಚಿದರೂ ಅದರ ಮೇಲೊಂದು ಬಟ್ಟೆ ಹಾಕುವುದು. ಗ್ಯಾಸ್ ಆರಿಸಿದರೆ ಅದರ ತಿರುಪಿನ ಮೇಲೆ ಕೈಬಟ್ಟೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತರೆ ಅದಕ್ಕೊಂದು ಚಿಂದಿಯ ಸುತ್ತು. ಕಾರು ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದರೆ ಅದರ ಮೇಲೆ ಹಳದಿ ಒರೆಸುಬಟ್ಟೆ. ಬಟ್ಟೆ ಬಿದ್ದಿದ್ದರೆ ಕೆಲಸ ಆಗಿದೆ, ಮತ್ತೆ ತಿರುಗಿ ನೋಡಬೇಕಿಲ್ಲ. "ನಿಮ್ಮಮ್ಮ ಒಂದಿನ ನನ್ನ ಮೇಲೂ ಬಟ್ಟೆ ಹೊದ್ಸಿ ಹೋಗ್ತಾಳೆ" ಎಂದು ಮೇಸ್ತ್ರಿ ಮಗಳ ಮುಂದೆ ನಗುತ್ತಿದ್ದ.

ಗೊಂದಲ ಶುರುವಾದದ್ದು ಸ್ಟೀರಿಂಗಿನ ಮುಂದೆ ಹತ್ತಿಕೊಂಡ ಒಂದು ಹಳದಿ ದೀಪದಿಂದ. ಬ್ರೇಕಿನ ಗುರುತಿನ ಆ ದೀಪ ಒಂದು ಸೋಮವಾರ ಹತ್ತಿದ್ದು ಆರಲೇ ಇಲ್ಲ.

"ರೀ, ಹಳದಿ ದೀಪ ಹತ್ಕೊಂಡಿದೆ."

"ಹತ್ಕೊಂಡ್ರೆ ಹತ್ಕೊಳ್ಲಿ. ಅದಕ್ಕೇನು ನೀನು ಎಣ್ಣೆ ಹಾಕ್ಬೇಕಾ?"

ಆಮೇಲೆ ಒಂದು ಗುಂಯ್‌ಗುಟ್ಟುವ ಸದ್ದು. ಕಾರು ಸ್ವಲ್ಪ ಜೋರು ಹೋದರೆ ಹಿಂದಿನ ಎಡಗಡೆ ಯಾರೋ ಬಾಯಿ ಮುಚ್ಚಿಕೊಂಡು ರಾಗ ಎಳೆದಂತೆ. ಮೇಸ್ತ್ರಿ ಒಂದು ಸುತ್ತು ಓಡಿಸಿ ಬಂದು, "ವಾಷಿಂಗ್ ಮಷೀನ್ ಸದ್ದು ಕೇಳೀ ಕೇಳೀ ನಿನ್ನ ಕಿವೀಲಿ ಅದೇ ಕೂತಿದೆ" ಎಂದ. ಇರಬಹುದೇನೋ. ಅಂದಿನಿಂದ ಅವಳಿಗೆ ಮಲಗಿದಾಗಲೂ ಗುಂಯ್ ಎಂದು ಕೇಳತೊಡಗಿತು. ಕಾರಿನದೋ, ಮಷೀನಿನದೋ, ತಲೆಯದೋ ಬಗೆಹರಿಯಲಿಲ್ಲ.

ಮೂರನೆಯದು ನರ್ಸಿಂಗ್ ಹೋಮಿನ ಹಿಂಬಾಗಿಲ ಇಳಿಜಾರಿನಲ್ಲಿ ನಡೆದದ್ದು. ಚಾದರದಕ್ಕ ಕಾರು ನಿಲ್ಲಿಸಿ, ಎದೆಯುದ್ದದ ಗಂಟನ್ನು ತಬ್ಬಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಪಕ್ಕದಲ್ಲೇನೋ ಸರಿದಂತಾಯಿತು. ನೋಡಿದರೆ ಅವಳದೇ ಕಾರು, ಹೇಳದೆ ಕೇಳದೆ ಹಿಂದಕ್ಕೆ ಹೊರಟಿದೆ. ಗಂಟು ಬಿಸಾಕಿ ಓಡಿ, ಬಾಗಿಲು ತೆಗೆದು, ಅರ್ಧ ಒಳಗೆ ಬಿದ್ದು ಎರಡೂ ಕೈಯಲ್ಲಿ ಹ್ಯಾಂಡ್ ಬ್ರೇಕ್ ಎಳೆದಳು. ಅಷ್ಟರಲ್ಲಿ ಕಾರು ಒಂದು ಖಾಲಿ ಗಾಲಿಕುರ್ಚಿಯನ್ನು ಕೆಡವಿ ಗೇಟಿನ ಕಂಬಕ್ಕೆ ಒರಗಿತ್ತು.

ವಾರ್ಡಿನ ಸಿಸ್ಟರ್ ಓಡಿಬಂದು ಮೊದಲು ಕುರ್ಚಿಯಲ್ಲಿ ಯಾರೂ ಇರಲಿಲ್ಲವೆಂದು ಖಾತ್ರಿ ಮಾಡಿಕೊಂಡರು. "ಹ್ಯಾಂಡ್ ಬ್ರೇಕ್ ಹಾಕಿರ್ಲಿಲ್ವಾ ಅಕ್ಕ?"

"ಹಾಕಿದ್ದೆ ಸಿಸ್ಟರ್."

"ಹಾಕಿದ್ರೆ ಗಾಡಿ ಹೆಂಗೆ ಬರತ್ತೆ?"

ಹಳದಿ ಬಟ್ಟೆ ಹಿಡಿಕೆಯ ಮೇಲೇ ಇತ್ತು. ಎಳೆದಿದ್ದೆ, ಬಟ್ಟೆಯೇ ಸಾಕ್ಷಿ ಎಂದುಕೊಂಡಳು. ಮರುಕ್ಷಣವೇ ಇನ್ನೊಂದು ಯೋಚನೆ ಬಂತು: ಎಳೆಯದೆಯೇ ಬರೀ ಬಟ್ಟೆ ಹಾಕಿ ಇಳಿದಿದ್ದರೆ? ತಾನು ಓಡಿಬಂದು ಎಳೆಯುವ ಮೊದಲು ಆ ಹಿಡಿಕೆ ಮೇಲಿತ್ತೋ ಕೆಳಗಿತ್ತೋ ಎಷ್ಟು ತಿಣುಕಿದರೂ ಜ್ಞಾಪಕಕ್ಕೆ ಬರಲಿಲ್ಲ. ಅಮ್ಮನೂ ಕಡೆಕಡೆಗೆ ಹೀಗೇ, ಉರಿಯುವ ಒಲೆಯ ಎದುರು ನಿಂತು "ಆರ್ಸಿದೀನಿ" ಎನ್ನುತ್ತಿದ್ದರು.

ಮನೆಯಂಗಳದಲ್ಲಿ ಮೇಸ್ತ್ರಿ ಹ್ಯಾಂಡ್ ಬ್ರೇಕ್ ಎಳೆದು ಕಾರನ್ನು ನೂಕಿ ನೋಡಿದ. ಸಮತಟ್ಟು ನೆಲ, ಕದಲಲಿಲ್ಲ. "ಹಿಡಿಯತ್ತಲ್ಲೇ" ಎಂದ.

ಮಗಳು ಕಾಲೇಜಿನ ಚೀಲ ಇಳಿಸುತ್ತಾ ಮೆಲ್ಲಗೆ ಕೇಳಿದಳು. "ಅಮ್ಮ, ಅಜ್ಜಿಗೂ ಹಿಂಗೇ ಅಲ್ವಾ ಶುರುವಾಗಿದ್ದು?"

ಮೇಸ್ತ್ರಿ ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ರೋಗಿಯ ಕೈಯಿಂದ ಲೋಟ ತೆಗೆದುಕೊಳ್ಳುವವರ ಹಾಗೆ ಅವಳ ಕೈಯಿಂದ ಕೀ ತೆಗೆದುಕೊಂಡು ಶೆಡ್ಡಿನ ಮೊಳೆಗೆ ನೇತುಹಾಕಿದ. "ಇನ್ಮೇಲೆ ತರೋದು ಕೊಡೋದು ನಂಗಿರ್ಲಿ. ನೀನು ಒಗ್ದು ಇಡು, ಸಾಕು."

ಮೇಸ್ತ್ರಿ ಎರಡು ಸಲ ಹೋಗಿಬಂದ. ಮೂರನೆಯ ಸಲ ಕಾರಿನಡಿಯಿಂದ "ನಾಳೆ" ಎಂದ. ಒಂದು ಲಾಡ್ಜಿನವರು ಕಾದು ಕಾದು ಬೇರೆಯವರನ್ನು ಹಿಡಿದುಕೊಂಡರು. ತೊಳೆದ ಗಂಟುಗಳು ನಡುಮನೆಯಲ್ಲಿ ನೆಂಟರ ಹಾಗೆ ಕೂತವು. ಚಾದರದಕ್ಕ ಇಸ್ತ್ರಿ ಹಾಕುತ್ತಲೇ ತನಗೆ ತಾನೇ ಪರೀಕ್ಷೆ ಕೊಟ್ಟುಕೊಳ್ಳತೊಡಗಿದಳು. ಗಂಡನ ಕಡೆಯವರ ಹೆಸರು ಹಿರಿಯರಿಂದ ಕಿರಿಯರವರೆಗೆ, ಮತ್ತೆ ಕಿರಿಯರಿಂದ ಹಿರಿಯರವರೆಗೆ. ಎಲ್ಲ ಸರಿಯಾಗಿ ಬರುತ್ತಿತ್ತು. ಆದರೆ ಆ ಗಮನದಲ್ಲಿ ಅಡುಗೆಗೆ ಎರಡು ಸಲ ಉಪ್ಪು ಬಿತ್ತು. ಗಂಡ, ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಿಲ್ಲದೆ ಉಂಡರು. ಇಷ್ಟು ವರ್ಷದಲ್ಲಿ ಅವಳ ಅಡುಗೆಗೆ ಹೆಸರಿಡದೆ ಉಂಡದ್ದು ಅದೇ ಮೊದಲು.

ಮೇಸ್ತ್ರಿ ಎಲ್ಲೋ ಕೆಟ್ಟು ನಿಂತ ಲಾರಿ ನೋಡಲು ಹೋಗಿದ್ದ ದಿನ ಸಿಸ್ಟರ್ ಫೋನ್ ಮಾಡಿದರು. "ಅಕ್ಕ, ಆಪರೇಷನ್ ರೂಮಿಗೆ ಒಂದೂ ಶೀಟಿಲ್ಲ. ಈಗ ಬರದಿದ್ರೆ ದೊಡ್ಡೋರು ಬೇರೆಯವ್ರಿಗೆ ಹೇಳ್ತಾರೆ. ನಾನು ಎಷ್ಟು ಅಂತ ತಡೆಹಿಡೀಲಿ?"

ಚಾದರದಕ್ಕ ಮೊಳೆಯ ಕೆಳಗೆ ನಿಂತು ಕೀಯನ್ನು ನೋಡಿದಳು. ತಲೆ ಕೆಟ್ಟವಳು ಕಾರು ಓಡಿಸಬಾರದು, ಅದು ಸರಿ. ಆದರೆ ತಲೆ ಕೆಟ್ಟವಳು ಓಡಿಸಬಾರದು ಎಂದು ತಲೆ ಕೆಟ್ಟವಳಿಗೆ ಹೊಳೆಯುತ್ತದೆಯೆ? ಈ ಸುಳಿಯಿಂದ ಹೊರಬರಲಾಗದೆ ಕೀ ತೆಗೆದುಕೊಂಡಳು. ಕಾರಿನಲ್ಲಿ ಒಂದು ದಪ್ಪ ಕಲ್ಲನ್ನೂ ಇಟ್ಟುಕೊಂಡಳು, ಇಳಿಜಾರಿನಲ್ಲಿ ಚಕ್ರಕ್ಕೆ ಒಡ್ಡಲು.

ಅರ್ಧ ದಾರಿಯಲ್ಲಿ ಹಿಂದಿನ ಎಡಚಕ್ರ ಪಂಕ್ಚರ್ ಆಯಿತು.

ಮೇಸ್ತ್ರಿಯ ಹೆಂಡತಿಗೆ ಚಕ್ರ ಬದಲಿಸುವುದು ದೊಡ್ಡ ವಿಷಯವೇನಲ್ಲ. ಗಂಟುಗಳ ಅಡಿಯಿಂದ ಸ್ಟೆಪ್ನಿ ಎಳೆದಳು, ಜಾಕಿ ಕೊಟ್ಟಳು, ಚಕ್ರದ ಮುಖಕ್ಕೆ ಮುಚ್ಚಿದ್ದ ಪ್ಲಾಸ್ಟಿಕ್ ಕ್ಯಾಪ್ ಕಿತ್ತು ನಟ್ಟುಗಳನ್ನು ಬಿಚ್ಚಿ ಚಕ್ರ ಕಳಚಿದಳು. ಸ್ಟೆಪ್ನಿ ಎತ್ತಿ ಹಿಡಿದಳು. ಕೂರಲಿಲ್ಲ. ಸ್ವಲ್ಪ ತಿರುಗಿಸಿ ಹಿಡಿದಳು. ಒಂದು ಬೋಲ್ಟು ತೂತಿಗೆ ಬಂದರೆ ಉಳಿದವು ಕಬ್ಬಿಣಕ್ಕೆ ತಾಗಿದವು. ಇಳಿಸಿ, ಸೆರಗಿನಿಂದ ಬೆವರೊರೆಸಿಕೊಂಡು ಎಣಿಸಿದಳು. ಸ್ಟೆಪ್ನಿಗೆ ನಾಲ್ಕು ತೂತು. ಕಾರಿನ ಬೋಲ್ಟು ಐದು. ಮತ್ತೆ ಎಣಿಸಿದಳು. ಬೆರಳಿಟ್ಟು ಎಣಿಸಿದಳು. ಇಸ್ತ್ರಿ ಮಾಡಿದ ಗಂಟನ್ನು ಕಣ್ಣಳತೆಯಲ್ಲೇ ಇಷ್ಟು ಎನ್ನುತ್ತಿದ್ದವಳಿಗೆ ಈಗ ನಾಲ್ಕಾದ ಮೇಲೆ ಐದು ಬರುತ್ತದೋ ಇಲ್ಲವೋ ಎಂಬಲ್ಲಿಗೆ ಬಂತು. ಇದೇ ಸ್ಟೆಪ್ನಿಯನ್ನು ಹೋದ ವರ್ಷ ಇದೇ ಚಕ್ರದ ಜಾಗಕ್ಕೆ ತಾನೇ ಹಾಕಿದ್ದಳು.

ಹಾಲಿನ ವ್ಯಾನಿನವನೊಬ್ಬ ಖಾಲಿ ಕ್ರೇಟು ತುಂಬಿಕೊಂಡು ಬರುತ್ತಿದ್ದವನು ನಿಲ್ಲಿಸಿದ. "ಏನಕ್ಕಾ, ಕೈ ಹಾಕ್ಲಾ?"

"ಕೈ ಹಾಕೋದು ಆಮೇಲೆ. ಮೊದ್ಲು ಇದನ್ನ ಎಣಿಸಪ್ಪ."

ಅವನು ವಿಚಿತ್ರವಾಗಿ ನೋಡಿದ. ಆದರೂ ಎಣಿಸಿದ. "ಐದು."

"ಈಗ ಇದನ್ನ."

"ನಾಲ್ಕು." ತಲೆ ಕೆರೆದುಕೊಂಡ. "ಅಕ್ಕ, ಕಾರು ನಿಮ್ದೇ ತಾನೇ?"

ಚಾದರದಕ್ಕನಿಗೆ ತಟ್ಟನೆ ಹೌದೆನ್ನಲಾಗಲಿಲ್ಲ. ಮುಂದೆ ಹೋಗಿ ನಂಬರ್ ನೋಡಿ ಬಂದಳು. "ನಂದೇ" ಎಂದಳು, ಯಾರೋ ತೀರ್ಪು ಕೊಟ್ಟ ಹಾಗೆ.

"ಹಂಗಾದ್ರೆ ಸ್ಟೆಪ್ನಿ ಬೇರೆಯವ್ರದ್ದು."

"ಸ್ಟೆಪ್ನೀನೂ ನಂದೇ. ಇದರ ಮೇಲೆ ಚೆಲ್ಲಿರೋದು ನಾನು ಬಟ್ಟೆಗೆ ಹಾಕೋ ನೀಲಿ."

ಹಾಲಿನವನು ಕಾರಿನ ಸುತ್ತ ಒಂದು ಸುತ್ತು ಹಾಕಿ ಮುಂದಿನ ಚಕ್ರದ ಕ್ಯಾಪ್ ಕಿತ್ತ. ಅಲ್ಲಿ ನಾಲ್ಕು. ಹಿಂದಿನ ಬಲಗಡೆ ಐದು. "ಮುಂದೊಂದು ಕಾರು, ಹಿಂದೊಂದು ಕಾರು. ಯಾರೋ ಕುರಿಗೆ ಎಮ್ಮೆ ಕಾಲು ಹಚ್ಚಿದ ಹಂಗಿದೆ. ಚಕ್ರ ಕೂರೋ ಹಿಂದಿನ ಹಬ್‌ಗಳನ್ನೇ ಬದಲಾಯ್ಸಿದಾರೆ ಅಕ್ಕ, ಬ್ರೇಕ್ ಡಿಸ್ಕ್ ಸಮೇತ. ಯಾವ ಪುಣ್ಯಾತ್ಮ ಇದನ್ನ ರಿಪೇರಿ ಮಾಡೋದು?"

ಚಾದರದಕ್ಕ ಕಾರಿನಿಂದ ಆ ದಪ್ಪ ಕಲ್ಲನ್ನು ಇಳಿಸಿ ರಸ್ತೆ ಬದಿಗೆ ಹಾಕಿದಳು. ಚಕ್ರಕ್ಕೆ ಒಡ್ಡಲು ತಂದದ್ದರ ಮೇಲೆ ತಾನೇ ಕೂತಳು. ಹಳದಿ ದೀಪ ಹತ್ತಿದ ಸೋಮವಾರದ ಹಿಂದಿನ ದಿನ ಏನಿತ್ತು? ನಾದಿನಿ ಬಂದಿದ್ದಳು. ಮೇಸ್ತ್ರಿಯ ತಂಗಿ, ಬೇರೆ ಊರಲ್ಲಿ ಟೀಚರು. ಅವಳದೂ ಇದೇ ಕಂಪನಿಯ ಕಾರು, ಆದರೆ ದೊಡ್ಡ ಮಾಡೆಲು. ದಾರಿಯುದ್ದಕ್ಕೂ ಹಿಂದಿನಿಂದ ಗುಂಯ್ ಎನ್ನುತ್ತಿದೆ ಅಣ್ಣಾ ಎಂದು ಶೆಡ್ಡಿನಲ್ಲಿ ಬಿಟ್ಟಿದ್ದಳು. ಇಡೀ ಭಾನುವಾರ ಅತ್ತಿಗೆ ನಾದಿನಿ ಇಬ್ಬರೂ ಅಡುಗೆಮನೆ ಬಿಟ್ಟು ಆಚೆ ಬಂದಿರಲಿಲ್ಲ. ಸಂಜೆ ನಾದಿನಿ ಹೊರಡುವಾಗ ಸದ್ದು ಹೋಗಿತ್ತು.

ಫೋನ್ ತೆಗೆದಳು. "ಟೀಚರಮ್ಮ, ಪಾಠ ಮಾಡ್ತಿದೀಯಾ?"

"ಇಲ್ಲ ಅತ್ತಿಗೆ, ಊಟದ ಬಿಡುವು. ಯಾಕೆ, ಅಣ್ಣ ಹುಷಾರಾಗಿದಾನಾ?"

"ನಿಮ್ಮಣ್ಣ ಹುಷಾರಾಗೇ ಇದಾರೆ. ಒಂದು ಕೆಲಸ ಮಾಡು. ಕಾರಿನ ಹತ್ರ ಹೋಗಿ ಹಿಂದಿನ ಚಕ್ರದ ಕ್ಯಾಪ್ ಕಿತ್ತು ಎಷ್ಟು ನಟ್ಟಿದೆ ನೋಡು. ಆಮೇಲೆ ಮುಂದಿಂದು. ಯಾಕೆ ಅಂತ ಕೇಳ್ಬೇಡ."

ಟೀಚರು ಎಣಿಸಲು ಹೋದಳು. ಹಾಲಿನವನು ಹೊರಡದೆ, ಬೀಡಿ ಹಚ್ಚಿಕೊಂಡು, ಫಲಿತಾಂಶಕ್ಕೆ ಕಾಯುವವನಂತೆ ನಿಂತ.

"ಅತ್ತಿಗೆ, ಹಿಂದೆ ನಾಲ್ಕು. ಮುಂದೆ ಐದು. ಇದೇನಿದು?" ಆಮೇಲೆ ಅವಳ ದನಿ ತಗ್ಗಿತು. "ನಿಮ್ ಕಾರಲ್ಲಿ ಹಳದಿ ದೀಪ ಏನಾದ್ರೂ ಹತ್ತತ್ತಾ?"

"ಆವತ್ತಿಂದ ಆರಿಲ್ಲ."

"ನಂದೂ. ಅಣ್ಣನಿಗೆ ಫೋನ್ ಮಾಡಿದ್ರೆ, ನೀನು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ, ಅದಕ್ಕೇ ಅಂದ. ಆವತ್ತಿಂದ ನನ್ನ ಕಾಲನ್ನ ನಾನೇ ಕಾಯ್ತಿದೀನಿ ಅತ್ತಿಗೆ. ನಂಗೆ ಡ್ರೈವಿಂಗೇ ಬರಲ್ವೇನೋ ಅನ್ನಿಸ್ಬಿಟ್ಟಿತ್ತು."

ಚಾದರದಕ್ಕ ನಕ್ಕಳು. ನಗುತ್ತಿದ್ದಂತೆ ಅಳು ಬಂತು. ತನ್ನ ಕಾರು ಕೆಟ್ಟಿದೆ ಎಂದು ತಿಳಿದು ಇಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಾರರು. ಹಾಲಿನವನು ಗಾಬರಿಯಾಗಿ ಬೀಡಿ ಎಸೆದು, "ಬನ್ನಿ ಅಕ್ಕ, ಗಂಟು ನನ್ನ ವ್ಯಾನಿಗೆ ಹಾಕಿ" ಎಂದ. ಚಾದರಗಳು ಹಾಲಿನ ಕ್ರೇಟುಗಳ ಮೇಲೆ ಕೂತು ನರ್ಸಿಂಗ್ ಹೋಮು ತಲುಪಿದವು. ಸಿಸ್ಟರ್ ಒಂದನ್ನು ಮೂಸಿ ನೋಡಿ, "ಪರವಾಗಿಲ್ಲ, ಹಾಲಿನ ವಾಸ್ನೆ ಬಂದಿಲ್ಲ" ಎಂದು ಒಳಗೆ ಒಯ್ದರು.

ಸಂಜೆ ಮೇಸ್ತ್ರಿ ಕಾರನ್ನು ಎಳೆದು ತಂದಾಗ ಅವಳು ಬಾಗಿಲಲ್ಲೇ ಕೇಳಿದಳು. "ನನ್ನ ಹಿಂದಿನ ಚಕ್ರ ಎಲ್ಲಿ?"

ಮೇಸ್ತ್ರಿ ಕೈ ಒರೆಸಿಕೊಂಡ. ಅವನ ಮುಖದಲ್ಲಿ ಕಳ್ಳತನ ಕಾಣಲಿಲ್ಲ, ಅದೇ ಅವಳಿಗೆ ಮತ್ತೆ ಗೊಂದಲ. "ಓ, ಅದಾ. ಅವಳ ಹಬ್ಬಿನ ಬೇರಿಂಗ್ ಹೋಗಿತ್ತು. ಹೊಸದು ಬರೋಕೆ ವಾರ ಬೇಕಿತ್ತು. ಬೆಳಿಗ್ಗೆ ಸ್ಕೂಲು ಅವಳಿಗೆ, ಅಷ್ಟು ದೂರ ಒಬ್ಳೇ ಹೋಗ್ಬೇಕು. ನಿಂದು ಊರೊಳಗೇ ಓಡೋ ಗಾಡಿ. ಬೋಲ್ಟು ಲೆಕ್ಕ ಬೇರೆಯಾದ್ರೂ ಹಬ್ ಕೂರೋ ಜಾಗ ಎರಡಕ್ಕೂ ಒಂದೇ. ಎರಡು ಕಡೇದನ್ನೂ ಡಿಸ್ಕ್, ಚಕ್ರ ಸಮೇತ ಅದಲು ಬದಲು ಮಾಡ್ದೆ."

"ಹ್ಯಾಂಡ್ ಬ್ರೇಕು?"

"ಅದರ ಡಿಸ್ಕಿನೊಳಗೆ ಹ್ಯಾಂಡ್ ಬ್ರೇಕಿಗೆ ಪುಟ್ಟ ಡ್ರಮ್ ಇರತ್ತೆ, ನಿನ್ನ ಕೇಬಲ್ ಅದಕ್ಕೆ ಮೋಟು. ತಂತಿ ಸುತ್ತಿ ಎಳ್ದು..." ಮಾತು ಅಲ್ಲಿಗೆ ನಿಂತಿತು. ಗೇಟಿನ ಕಂಬ, ಗಾಲಿಕುರ್ಚಿ ಎಲ್ಲ ಅವನ ಕಣ್ಣ ಮುಂದೆ ಈಗ ಬಂದಂತಿತ್ತು. "ಸಡಿಲ ಆಗಿರ್ಬೇಕು" ಎಂದ, ತುಂಬ ಮೆಲ್ಲಗೆ.

"ಬೇರಿಂಗ್ ಬರ್ಲೇ ಇಲ್ವಾ?"

ಅವನು ಶೆಡ್ಡಿನ ಶೆಲ್ಫಿನ ಕಡೆ ನೋಡಿದ. ಅವಳೂ ನೋಡಿದಳು. ದಿನಾ ಬೆಳಿಗ್ಗೆ ಶೆಡ್ಡು ಗುಡಿಸುವಾಗ ಅವಳೇ ಎತ್ತಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದ ಪುಟ್ಟ ಡಬ್ಬಿ.

"ಬಂದಿದೆ. ಹಾಕೋದೂ ಮರ್ತೆ, ಬದಲಾಯ್ಸಿದ್ದೂ ಮರ್ತೆ."

ಮಗಳು ಪುಸ್ತಕದಿಂದ ತಲೆಯೆತ್ತಿ ಅಪ್ಪನನ್ನು ನೋಡಿದಳು.

"ನಂಗೆ ಒಂದು ಮಾತು ಹೇಳ್ಬೇಕಿತ್ತು" ಎಂದಳು ಚಾದರದಕ್ಕ.

"ಹೇಳಿದ್ನಲ್ಲೇ. ಆವತ್ತೇ, ಕಾರಿನಡಿಯಿಂದ ಕೂಗಿ ಹೇಳ್ದೆ. ನೀನು ಅಡುಗೆಮನೆಯಿಂದ ಹೂಂ ಅಂದೆ. ನಂಗೆ ಚೆನ್ನಾಗಿ ಜ್ಞಾಪಕ ಇದೆ, ಬೇಕಾದ್ರೆ ಆಣೆ ಮಾಡ್ತೀನಿ."

ಬಗೆಹರಿಯಿತು ಎಂದುಕೊಂಡದ್ದು ಮತ್ತೆ ಕದಡಿತು. ಹೇಳಿದ್ದನೆ? ಹೇಳಿದ್ದು ಮರೆತಿದ್ದರೆ, ಎದುರಿಗೆ ಐದು ಬೋಲ್ಟಿದ್ದರೂ ಅವಳ ಹೆದರಿಕೆ ಇದ್ದಲ್ಲೇ ಉಳಿಯಿತಲ್ಲ. ಆ ಭಾನುವಾರವನ್ನು ತಿರುವಿ ಮುರುವಿ ನೋಡಿದಳು. ಮಿಕ್ಸಿಯ ಸದ್ದು ಬಿಟ್ಟರೆ ಏನೂ ನೆನಪಾಗಲಿಲ್ಲ.

ಮುಂದಿನ ಭಾನುವಾರ ನಾದಿನಿ ಕಾರು ತಂದಳು. ಎರಡೂ ಕಾರುಗಳು ಅಂಗಳದಲ್ಲಿ ಅಕ್ಕಪಕ್ಕ ಹಿಂಭಾಗ ಎತ್ತಿಕೊಂಡು ನಿಂತವು. "ನಂಗೂ ಅಣ್ಣ ಏನೂ ಹೇಳಿಲ್ಲ ಅತ್ತಿಗೆ. ಬೇರಿಂಗ್ ಹಾಕಿದೀನಿ ಅಂದ, ಅಷ್ಟೇ" ಎಂದಳು.

"ನಿಂಗೆ ಹೇಳಿಲ್ಲ. ನಿಮ್ಮತ್ತಿಗೆಗೆ ಹೇಳಿದ್ದೆ" ಎಂದ ಮೇಸ್ತ್ರಿ.

"ಹಂಗಾದ್ರೆ ಇನ್ನೊಂದ್ಸಲ ಹೇಳಿ" ಎಂದಳು ಚಾದರದಕ್ಕ. "ಆವತ್ತು ಎಲ್ಲಿ ಮಲ್ಗಿದ್ರೋ ಅಲ್ಲೇ ಮಲ್ಗಿ, ಹೆಂಗೆ ಕೂಗಿದ್ರೋ ಹಂಗೇ ಕೂಗಿ. ನಾನು ಒಳಗಿರ್ತೀನಿ. ಟೀಚರಮ್ಮ, ನೀನು ಬಾಗಿಲಲ್ಲಿ ನಿಂತು ಇಬ್ರನ್ನೂ ನೋಡು."

ಇದು ಯಾವ ಆಟ ಎಂದು ಗೊಣಗುತ್ತಾ ಮೇಸ್ತ್ರಿ ಕಾರಿನಡಿಗೆ ಸರಿದ. ಚಾದರದಕ್ಕ ಮಿಕ್ಸಿಗೆ ಒಂದು ಹಿಡಿ ಕಾಳು ಹಾಕಿ ಗುಂಡಿ ತಿರುಗಿಸಿದಳು. ಕಾಳು ಗಡಗಡ ಎಂದು ಸಿಡಿದು ಗೋಡೆಯೆಲ್ಲ ಅದುರಿತು. ಕಿವಿಗೊಟ್ಟು ನಿಂತಳು. ಮಿಕ್ಸಿಯದಲ್ಲದೆ ಬೇರೆ ಸೊಲ್ಲು ಒಂದೂ ಕೇಳಿಸಲಿಲ್ಲ. ಅಂಗಳದ ಕಡೆಯಿಂದ ಏನೋ ಸರಿದಂತೆ, ಒಬ್ಬ ಮನುಷ್ಯ ಅಲ್ಲಿದ್ದಾನೆ, ಅವನಿಗೆ ಏನೋ ಬೇಕು ಎಂಬಷ್ಟು ಮಾತ್ರ ಬೆನ್ನಿಗೆ ತಿಳಿಯಿತು.

ಮಿಕ್ಸಿ ಆರಿಸಿ ಬಟ್ಟೆ ಹಾಕಿದಳು. "ಏನಾದ್ರೂ ಕೂಗಿದ್ರಾ?"

ನಾದಿನಿ ಬಾಗಿಲ ಚೌಕಟ್ಟು ಹಿಡಿದು ನಗುತ್ತಾ ನೆಲಕ್ಕೇ ಕುಸಿದಿದ್ದಳು. "ಕೂಗಿದ, ಊರಿಗೆಲ್ಲ ಕೇಳೋ ಹಂಗೆ. ಅತ್ತಿಗೆ, ನೀವು ಹೂಂ ಅಂದ್ರಿ."

"ನಾನಾ?"

"ತಿರುಗೂ ನೋಡ್ಲಿಲ್ಲ. ಹೂಂ ಅಂದ್ರಿ."

ಚಾದರದಕ್ಕ ಬಾಯಿ ಮುಟ್ಟಿಕೊಂಡಳು, ಅದು ತನ್ನದೇ ಹೌದೋ ಅಲ್ಲವೋ ಎಂಬಂತೆ. ಮರೆತಿರಲಿಲ್ಲ. ಕೇಳಿಸಿಯೇ ಇರಲಿಲ್ಲ. ಅವನು ಹೇಳಿದ್ದೂ ನಿಜ, ತಾನು ಒಪ್ಪಿದ್ದೂ ನಿಜ. ಮದುವೆಯಾದಂದಿನಿಂದ ಈ ಮಿಕ್ಸಿಯ ಮುಂದೆ, ವಾಷಿಂಗ್ ಮಷೀನಿನ ಮುಂದೆ, ಬೆನ್ನು ಹಾಕಿ ನಿಂತು ಇನ್ನೂ ಏನೇನಕ್ಕೆಲ್ಲ ಹೂಂ ಅಂದಿದ್ದೇನೋ ಎಂದು ಯೋಚಿಸಲು ಹೋಗಿ ದಿಕ್ಕು ತೋಚದೆ ಬಿಟ್ಟಳು.

ಅಂಗಳಕ್ಕೆ ಬಂದು, ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಗ್ಗಿ ಒಳಗೆ ನೋಡಿದಳು. "ಈಗ ಹೇಳಿ."

ಅಡಿಯಲ್ಲಿ ಮಲಗಿದ್ದ ಮೇಸ್ತ್ರಿ ಕತ್ತು ಹೊರಳಿಸಿ ಅವಳ ಮುಖ ನೋಡಿದ. ಆಮೇಲೆ ಹೇಳಿದ. ನಿನ್ನ ಹಬ್ಬು ಡಿಸ್ಕು ನಿನ್ನ ಕಾರಿಗೆ, ಅವಳದ್ದು ಅವಳದ್ದಕ್ಕೆ, ಹೊಸ ಬೇರಿಂಗ್ ಅವಳ ಹಬ್ಬಿಗೆ, ಸುತ್ತಿದ ತಂತಿ ಕಿತ್ತು ಎರಡಕ್ಕೂ ಹೊಸ ಕೇಬಲ್ಲು. ಪೂರ್ತಿ ಹೇಳಿ ಮುಗಿಸುವವರೆಗೆ ಅವಳು ತುಟಿ ಬಿಚ್ಚಲಿಲ್ಲ.

"ಇಳಿಜಾರಲ್ಲಿ ನಿಲ್ಲಿಸಿ ನೋಡೋದು?"

"ನೀನೇ ನಿಲ್ಸು. ನಾನು ಹಿಂದೆ ನಿಂತಿರ್ತೀನಿ."

"ಆಯ್ತು, ಬಿಚ್ಚಿ."

ಮೊಳೆಯಿಂದ ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾದಿನಿಯ ಪಕ್ಕ ಶೆಡ್ಡಿನ ಬೆಂಚಿನ ಮೇಲೆ ಕೂತಳು. ಬಿಸಿಲಲ್ಲಿ ಆ ಬೆಂಚಿನ ಮೇಲೆ ಅವಳು ಯಾವತ್ತೂ ಕೂತಿರಲಿಲ್ಲ, ಅದು ಗಿರಾಕಿಗಳದ್ದು. ತಾರಸಿಯ ತಂತಿ ಖಾಲಿಯಿತ್ತು. ಎದುರುಮನೆಯ ಮುದುಕ ಅದನ್ನು ನೋಡಿ, ಮೋಡವೇ ಇಲ್ಲದ ಆಕಾಶವನ್ನೂ ನೋಡಿ, ಅನುಮಾನಕ್ಕೆ ಕೊಡೆ ತರಲು ಒಳಗೆ ಹೋದ.

ನಟ್ಟು ಬಿಚ್ಚುವ ಕಟಕಟ ಸದ್ದಿನ ನಡುವೆ ಕಾರಿನಡಿಯಿಂದ ಮೇಸ್ತ್ರಿ ಏನೋ ಕೂಗಿದ. ಅಡುಗೆ ಎಂಬುದೊಂದು ಕೇಳಿಸಿತು, ಉಳಿದದ್ದು ಕೇಳಿಸಲಿಲ್ಲ.

ಹೂಂ ಎಂಬುದು ಅವಳ ತುಟಿಯವರೆಗೆ ಬಂದಿತ್ತು. ನಾದಿನಿ ಅವಳನ್ನೇ ನೋಡುತ್ತಿದ್ದಳು. ಚಾದರದಕ್ಕ ಅದನ್ನು ನುಂಗಿಕೊಂಡಳು.

"ಹೊರಗೆ ಬಂದು ಹೇಳ್ರೀ" ಎಂದಳು.